ಮುಂಬೈಯನ್ನು ಕೊಡಲ್ಲ ಅಂದ ವೈಸರಾಯ್

 

ಪವಾಯಿಯಲ್ಲಿ ಕೆಲಸ ಮಾಡೋ ನಮ್ಮಂಥವರು ಊರಿಗೆ ಫೋನ್ ಮಾಡಿದಾಗ ‘ಬಾಂಬೆಯಲ್ಲಿದ್ದೀನಿ’ ಅಂತೀವಲ್ಲ, ಹಳೇ ಲೆಕ್ಕದಲ್ಲಿ ಅದು ತಪ್ಪು. 1665ರಲ್ಲಿ ಬಾಂಬೆ ಇಂಗ್ಲಿಷರ ಕೈಸೇರಿತು. ಪವಾಯಿ ಸೇರಲಿಲ್ಲ. ಅದು ಇದ್ದ ಸಾಷ್ಟಿ ದ್ವೀಪ ಇನ್ನೂ 70 ವರ್ಷಕ್ಕೂ ಹೆಚ್ಚು ಕಾಲ ಪೋರ್ಚುಗೀಸರದ್ದೇ ಆಗಿತ್ತು. ಇದರ ಹಿಂದೆ ಒಬ್ಬ ಮನುಷ್ಯನ ಹಟ ಇದೆ. ಹೆಸರು ಆಂಟೋನಿಯೋ ದೆ ಮೆಲೋ ಎ ಕಾಸ್ತ್ರೋ.

ಕಥೆ ನಿಮಗೆ ಅರ್ಧ ಗೊತ್ತು. 1661ರ ಜೂನ್‌ನಲ್ಲಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಮತ್ತು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಮದುವೆಗೆ ಒಪ್ಪಂದ ಆಯ್ತು. ವರದಕ್ಷಿಣೆಯಲ್ಲಿ ಬಾಂಬೆಯೂ ಹೋಯ್ತು. ಪೋರ್ಚುಗಲ್‌ಗೆ ಬೇರೆ ದಾರಿ ಇರಲಿಲ್ಲ. ಅತ್ತ ಸ್ಪೇನ್ ಜೊತೆ ಯುದ್ಧ, ಇತ್ತ ನಮ್ಮ ಕರಾವಳಿಯಲ್ಲಿ ಡಚ್ಚರ ಕಾಟ. ಇಂಗ್ಲಿಷರು ಕಾಪಾಡ್ತಾರೆ ಅನ್ನೋ ನಂಬಿಕೆ.

ಬಾಂಬೆಯನ್ನು ಒಪ್ಪಿಸೋ ಕೆಲಸ ಮೆಲೋ ತಲೆಗೆ ಬಂತು. ಗೋವಾದ ಅಧಿಕಾರ ವಹಿಸಿಕೊಳ್ಳೋಕೆ ಆತ ಹೊರಟಿದ್ದೂ ಅದೇ ಇಂಗ್ಲಿಷ್ ಹಡಗುಗಳಲ್ಲಿ. 1662ರ ಸೆಪ್ಟೆಂಬರ್‌ನಲ್ಲಿ ಬಂದಿಳಿದ ಮೇಲೆ ವರಸೆ ಬದಲಾಯ್ತು. ಇಂಗ್ಲಿಷರ ಪರವಾಗಿ ಬಂದ ಅಬ್ರಹಾಂ ಶಿಪ್‌ಮನ್ ಹತ್ತಿರ ಇರೋ ಪತ್ರಗಳು ಸರಿಯಿಲ್ಲ, ಲಿಸ್ಬನ್‌ನಿಂದ ಸ್ಪಷ್ಟನೆ ಬರಲಿ ಅಂದ. ಇಂಗ್ಲಿಷರು ಸಾಷ್ಟಿಯೂ ತಮ್ಮದೇ ಅಂದ್ಕೊಂಡಿದ್ದರು. ಒಪ್ಪಂದದಲ್ಲಿರೋದು ಬಾಂಬೆ ದ್ವೀಪ ಮತ್ತು ಬಂದರು ಮಾತ್ರ ಅಂತ ಆತ ಜಗ್ಗಲಿಲ್ಲ. 1663ರ ಜನವರಿಯಲ್ಲಿ ಕೊಚ್ಚಿ ಡಚ್ಚರ ಪಾಲಾಯ್ತು. ಕಾಪಾಡ್ತೀವಿ ಅಂದವರು ಕಾಪಾಡಲಿಲ್ಲ. ಮೆಲೋ ಇನ್ನೂ ಗಟ್ಟಿಯಾದ.

ಈ ಹಟದ ಬೆಲೆ ಕಟ್ಟಿದವರು ಯಾರು? ಸಾಮಾನ್ಯ ಸಿಪಾಯಿಗಳು. ಇಳಿಯೋಕೆ ನೆಲವಿಲ್ಲದ ಇಂಗ್ಲಿಷ್ ಪಡೆ ನಮ್ಮ ಕಾರವಾರದ ಎದುರಿಗಿರೋ ಅಂಜದೀವ್ ದ್ವೀಪದಲ್ಲಿ ಬಿಡಾರ ಹೂಡಿತು. ಈಗ ಸೀಬರ್ಡ್ ನೌಕಾನೆಲೆ ಇರೋ ಕಡೆ. ಮಳೆ, ಜ್ವರ, ಸಾವು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. ಕೊನೆಗೆ ಉಳಿದವರು ನೂರಕ್ಕಿಂತ ಸ್ವಲ್ಪ ಹೆಚ್ಚು ಜನ, ಅಷ್ಟೇ.

ಲಿಸ್ಬನ್‌ನಿಂದ ಖಡಾಖಂಡಿತ ಆದೇಶ ಬಂದಾಗ ಮೆಲೋ ಮಣಿದ. 1665ರ ಜನವರಿಯಲ್ಲಿ ರಾಜನಿಗೆ ಬರೆದ ಪತ್ರದಲ್ಲಿ, ಪ್ರಜೆಯಾಗಿ ವಿಧೇಯತೆಗೆ ಕಟ್ಟುಬಿದ್ದು ಮಾಡ್ತಿದ್ದೀನಿ, ಇಂಗ್ಲಿಷರು ಬಾಂಬೆಯಲ್ಲಿ ನೆಲೆಯೂರಿದ ದಿನವೇ ಭಾರತ ನಮ್ಮ ಕೈತಪ್ಪುತ್ತೆ ಅಂತ ಎಚ್ಚರಿಸಿದ. ಫೆಬ್ರವರಿ 18ರಂದು ಶಿಪ್‌ಮನ್‌ನ ಕಾರ್ಯದರ್ಶಿ ಹಂಫ್ರಿ ಕುಕ್ ದ್ವೀಪವನ್ನು ವಶಕ್ಕೆ ತಗೊಂಡ.

ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ಕುಕ್ ಕೈಲಿ ಮೆಲೋ ಸಹಿ ಹಾಕಿಸಿದ ಕರಾರಿನಲ್ಲಿ ಒಂದು ಷರತ್ತಿತ್ತು: ಪೋರ್ಚುಗೀಸರ ಜಮೀನಿಗೆ ಕಟ್ಟುಬಿದ್ದ ಕುಣಬಿಗಳು, ಭಂಡಾರಿಗಳು ಬಾಂಬೆಗೆ ಓಡಿಬಂದರೆ ಇಂಗ್ಲಿಷರು ಸೇರಿಸಿಕೊಳ್ಳಬಾರದು, ವಾಪಸ್ ಒಪ್ಪಿಸಬೇಕು. ನಮ್ಮ ಕಂಪನಿಗಳು ಪರಸ್ಪರರ ನೌಕರರನ್ನು ಸೆಳೆಯಬಾರದು ಅಂತ ಮಾಡ್ಕೊಳ್ಳೋ ಒಪ್ಪಂದ ನೆನಪಾಯ್ತಾ? ವ್ಯತ್ಯಾಸ ಏನಂದ್ರೆ, ಆ ಜನ ರಾಜೀನಾಮೆ ಕೊಡೋ ಹಾಗೇ ಇರಲಿಲ್ಲ. ಮೆಲೋ ದೂರದೃಷ್ಟಿಯ ಇನ್ನೊಂದು ಮುಖ ಇದು. ಬಂದರು ಹೋದರೆ ಜನರೂ ಹೋಗ್ತಾರೆ ಅಂತ ಆತನಿಗೆ ಗೊತ್ತಿತ್ತು.

ಆ ಕರಾರನ್ನು ಚಾರ್ಲ್ಸ್ ಒಪ್ಪಲಿಲ್ಲ. 1666ರಲ್ಲಿ ಮೆಲೋ ಅಧಿಕಾರವೂ ಮುಗಿಯಿತು. 1668ರಲ್ಲಿ ಬಾಂಬೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿ ಪಾಲಾಯ್ತು. ಗವರ್ನರ್ ಜೆರಾಲ್ಡ್ ಆಂಜಿಯರ್ ವ್ಯಾಪಾರಿಗಳನ್ನು, ಕಸುಬುದಾರರನ್ನು ಕರೆದು ಕೂರಿಸಿದ. ಗಡಿ ಕಾಯೋಕೆ ಸಯನ್‌ನಲ್ಲಿ ಕಟ್ಟಿಸಿದ ಕೋಟೆ ಇವತ್ತೂ ಇದೆ.

ಮೆಲೋ ಭವಿಷ್ಯ ಪೂರ್ತಿ ನಿಜವಾಗಲಿಲ್ಲ. ಸಾಷ್ಟಿ, ವಸಾಯಿಗಳನ್ನು 1737-39ರಲ್ಲಿ ಕಿತ್ತುಕೊಂಡವರು ಮರಾಠರು. ಇಂಗ್ಲಿಷರು ಸಾಷ್ಟಿಗೆ ಬಂದದ್ದು 1774ರಲ್ಲಿ. ಗೋವಾ 1961ರವರೆಗೂ ಪೋರ್ಚುಗೀಸರ ಬಳಿಯೇ ಇತ್ತು.

ಆತ ಕಾಗದವನ್ನು ಎರಡೂವರೆ ವರ್ಷ ತಡೆದ. ದುಡಿಮೆ ಹುಡುಕಿ ಹೊರಟ ಜನರನ್ನು ಮಾತ್ರ ಯಾವ ಕಾಗದಕ್ಕೂ ತಡೆಯೋಕಾಗಲಿಲ್ಲ. ಮುಂದಿನ ಸಲ ಸಯನ್ ದಾಟುವಾಗ ಎಡಬಲ ನೋಡಿ. ಒಂದು ಕಾಲಕ್ಕೆ ಅದು ಗಡಿ. ಈಗ ಬರೀ ಟ್ರಾಫಿಕ್ಕು.