ಅಂಗೈಗಣಕಕ್ಕೆ ಲಿನಕ್ಸ್ ಬಂದ ಬಗೆ

ಕೊಡೇಕಲ್ ಎಂದೊಡನೆ ನಿಮಗೆ ಕಾಲಜ್ಞಾನ ನೆನಪಾಗಬಹುದು. ನಾವಿಲ್ಲಿ ಹೇಳಹೊರಟಿರುವುದು ಮುಂದಾಗುವುದನ್ನಲ್ಲ, ಆಗಿಹೋದದ್ದನ್ನು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ಆದರೆ 2001ರ ಸುಮಾರಿಗೆ ಆ ಯಂತ್ರವಿದ್ದುದು ತಾಲ್ಲೂಕು ಕಚೇರಿಯಲ್ಲಿ. ಕೊಡೇಕಲ್ಲಿನ ರೈತ ಪಹಣಿಗಾಗಿ ಸುರಪುರಕ್ಕೇ ಹೋಗಬೇಕಿತ್ತು. ಯಂತ್ರವೇ ಊರಿಗೆ ಬರಬಾರದೇ?

ಇಂಥ ಆಸೆಯಿಂದಲೇ ಬೆಂಗಳೂರಿನಲ್ಲಿ ಸಿಂಪ್ಯೂಟರ್ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಅದನ್ನು 2001ರಲ್ಲಿ ಜನರ ಮುಂದಿಟ್ಟರು. ಅಂಗೈಯಗಲದ ಯಂತ್ರ, ಕನ್ನಡ ಅಕ್ಷರವನ್ನು ಧ್ವನಿಯಾಗಿಸಬಲ್ಲದು, ಬೆಲೆ 9,000 ರೂಪಾಯಿಯ ಆಸುಪಾಸಿನಲ್ಲಿರಬೇಕೆಂಬ ಗುರಿ. ಆ ಬೆಲೆಯೊಳಗೆ ತಂತ್ರಾಂಶದ ಶುಲ್ಕಕ್ಕೆ ಜಾಗವೆಲ್ಲಿ? ಹಾಗಾಗಿ ಬಿಟ್ಟಿಯಾಗಿ ಸಿಗುವ ಲಿನಕ್ಸನ್ನೇ ಆರಿಸಿಕೊಂಡರು.

ಈಗ ವಿಜ್ಞಾನದ ಮಾತು. ಲಿನಕ್ಸ್ ಎಲ್ಲ ಚಿಪ್‌ಗಳ ಮೇಲೂ ಏಳುವುದಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದು ಇಂಟೆಲ್‌ನ 386 ಸಂಸ್ಕಾರಕಕ್ಕಾಗಿ. ಅದರೊಳಗೆ ಸ್ಮರಣೆಯನ್ನು ಹದ್ದುಬಸ್ತು ಮಾಡುವ ಒಂದು ಭಾಗವಿತ್ತು. ಎಂ.ಎಂ.ಯು. ಎಂದು ಅದಕ್ಕೆ ಹೆಸರು. ಹೊಲದ ಸರ್ವೆ ನಕ್ಷೆಯನ್ನು ನೆನೆದುಕೊಳ್ಳಿ: ಪ್ರತಿಯೊಂದು ಪ್ರೋಗ್ರಾಮಿಗೂ ತನ್ನ ಹೊಲ ಮಾತ್ರ ಕಾಣುತ್ತದೆ, ಪಕ್ಕದವನ ಬದುವನ್ನು ಒತ್ತಲಾಗದು. ಸಿಂಪ್ಯೂಟರಿನ ಸ್ಟ್ರಾಂಗ್‌ಆರ್ಮ್ ಚಿಪ್‌ನಲ್ಲಿ ಈ ಏರ್ಪಾಡಿತ್ತು, ಜೊತೆಗೆ 32 ಮೆಗಾಬೈಟ್ ಸ್ಮರಣೆ. ವಿದ್ಯುತ್ ಹರಿದೊಡನೆ ಫ್ಲ್ಯಾಶ್‌ನಲ್ಲಿರುವ ಪುಟ್ಟ ಪ್ರೋಗ್ರಾಮೊಂದು ಲಿನಕ್ಸಿನ ತಿರುಳನ್ನು ಸ್ಮರಣೆಗೆ ತಂದಿಳಿಸುತ್ತದೆ. ತಿರುಳು ನಕ್ಷೆ ಬರೆದುಕೊಂಡು, ಗಡಿಯಾರದ ಮಿಡಿತ ಹಿಡಿದು ಕೆಲಸಕ್ಕೆ ತೊಡಗುತ್ತದೆ. ಇದೇ ಬೂಟ್ ಆಗುವುದು.

ಎಂ.ಎಂ.ಯು. ಇಲ್ಲದ ಬಡ ಚಿಪ್‌ಗಳಿಗಾಗಿ 1998ರಲ್ಲೇ ಮೈಕ್ರೋ-ಸಿ-ಲಿನಕ್ಸ್ ಬಂದಿತ್ತು. ಬದುವಿಲ್ಲದ ಹೊಲದಂತೆ ಅಲ್ಲಿ ಒಬ್ಬನ ಎತ್ತು ಎಲ್ಲರ ಬೆಳೆ ಮೇಯಬಹುದು.

ವೇಗವೇ ಮುಖ್ಯವೆಂದು ನೀವು ಭಾವಿಸಿದ್ದರೆ ಇದನ್ನು ಕೇಳಿ. 2012ರಲ್ಲಿ ಡಿಮಿಟ್ರಿ ಗ್ರಿನ್‌ಬರ್ಗ್ ಎಂಬವರು 16 ಕಿಲೋಬೈಟ್ ಸ್ಮರಣೆಯ 8 ಬಿಟ್ ಚಿಪ್‌ಗೆ ಹೊರಗಿನಿಂದ 16 ಮೆಗಾಬೈಟ್ ಜೋಡಿಸಿ, ಎಂ.ಎಂ.ಯು. ಇರುವ ದೊಡ್ಡ ಸಂಸ್ಕಾರಕದ ವೇಷವನ್ನು ಪ್ರೋಗ್ರಾಮಿನಲ್ಲೇ ಕಟ್ಟಿದರು. ಲಿನಕ್ಸ್ ಎದ್ದಿತು, ಸುಮಾರು ಎರಡು ಗಂಟೆ ತೆಗೆದುಕೊಂಡು! ಚಿಪ್ ನಿಧಾನವಾದರೆ ನಡೆದೀತು; ಸ್ಮರಣೆಯೂ ಅದರ ನಕ್ಷೆಯೂ ಇಲ್ಲದೆ ಸಾಮಾನ್ಯ ಲಿನಕ್ಸ್ ನಡೆಯದು. ಒಳಗಿನ ಜೋಡಣೆಯನ್ನೇ ನಾವು ಬದಲಿಸಬಹುದಾದ ಎಫ್.ಪಿ.ಜಿ.ಎ. ಚಿಪ್‌ಗಳಿಗೂ ಇದೇ ನಿಯಮ. ಅಲ್ಲಿ ಸಂಸ್ಕಾರಕವನ್ನೂ ಎಂ.ಎಂ.ಯು.ವನ್ನೂ ನಾವೇ ಒಳಗೆ ಕಟ್ಟಿಕೊಳ್ಳಬಹುದು, ಸ್ಮರಣೆಯನ್ನು ಮಾತ್ರ ಸಾಮಾನ್ಯವಾಗಿ ಹೊರಗಿನಿಂದ ಕೊಡಬೇಕು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮೂಲಕ ಅಮಿಡಾ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಲಿನಕ್ಸ್ ಸರಿಯಾಗಿಯೇ ಏಳುತ್ತಿತ್ತು, ಕೊಳ್ಳುವವರಿರಲಿಲ್ಲ. ಕೊಡೇಕಲ್ಲಿನ ರೈತ ಇಂದು ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು, ಅದು ಆಂಡ್ರಾಯ್ಡ್ ಆಗಿದ್ದರೆ ಒಳಗಿರುವ ತಿರುಳು ಲಿನಕ್ಸಿನದೇ.