ಟವೆಲ್ ಕೆಳಗಿನ ಬೆರಳಿಂದ ಚೌಕಾಸಿ ಮಾಡೋ ಸಾಫ್ಟ್‌ವೇರ್‌ವರೆಗೆ

ಇವತ್ತಿನ ಎಪಿಸೋಡ್ ಚೌಕಾಸಿ ಬಗ್ಗೆ. ಮುಂದೆ ನಮ್ಮ ಪರವಾಗಿ ಫೋನಲ್ಲಿರೋ ಏಜೆಂಟ್ ಸಾಫ್ಟ್‌ವೇರೇ ರೇಟ್ ಮಾತಾಡುತ್ತೆ ಅಂತಾರಲ್ಲ, ಅದರ ಇತಿಹಾಸ. ಶುರು ಮಾಡೋದು ಮಾತ್ರ ಕೆ.ಆರ್. ನಗರ ಸೀಮೆಯ ಚುಂಚನಕಟ್ಟೆ ಜಾನುವಾರು ಜಾತ್ರೆಯಿಂದ.

ನಮ್ಮ ದನದ ಜಾತ್ರೆಗಳಲ್ಲಿ ರೇಟನ್ನ ಬಾಯಿಬಿಟ್ಟು ಹೇಳಲ್ಲ. ಮಾರೋನು, ದಲ್ಲಾಳಿ ಇಬ್ಬರೂ ಟವೆಲ್ ಕೆಳಗೆ ಕೈ ಇಟ್ಟು ಬೆರಳು ಒತ್ತಿ ಲೆಕ್ಕ ಹೇಳ್ತಾರೆ. ಸುತ್ತ ನೂರು ಜನ ಇದ್ದರೂ ಯಾರಿಗೂ ಗೊತ್ತಾಗಲ್ಲ. ಈ ಗಿರಾಕಿ ಜೊತೆ ಎಷ್ಟಕ್ಕೆ ಇಳಿದೆ ಅನ್ನೋದು ಮುಂದಿನ ಗಿರಾಕಿಗೆ ತಿಳಿಯಲ್ಲ. ಅಂದ್ರೆ ಮಾರೋನ ಕೊನೇ ರೇಟ್ ಗುಟ್ಟಾಗೇ ಉಳಿಯುತ್ತೆ.

ಈಗ ತಂಬಾಕಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಸೀಮೆಯ ವರ್ಜೀನಿಯಾ ತಂಬಾಕು ಮೊದಲು ನೇರವಾಗಿ ವ್ಯಾಪಾರಿಗಳಿಗೆ, ಕಂಪನಿಗಳಿಗೆ ಹೋಗ್ತಿತ್ತು. 1975ರ ಕಾಯ್ದೆ ಪ್ರಕಾರ 1976ರಲ್ಲಿ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯ್ತು. ಚಿಲ್ಕುಂದ, ಕಟ್ಟೆಮಳಲವಾಡಿ, ಕಂಪಲಾಪುರದಂಥ ಹರಾಜು ಮಾರುಕಟ್ಟೆಗಳಲ್ಲಿ ಒಂದೊಂದೇ ಬೇಲ್‌ಗೆ ಬಿಡ್. ಆಮೇಲೆ ಕೂಗೋ ಹರಾಜಿನ ಜಾಗಕ್ಕೆ ಎಲೆಕ್ಟ್ರಾನಿಕ್ ಹರಾಜು ಬಂತು. ಖರೀದಿದಾರರು ಬಟನ್ ಒತ್ತಿ ರೇಟ್ ಏರಿಸ್ತಾರೆ. ರೈತನ ಕೈಯಲ್ಲಿರೋದು ಒಂದೇ ಅಸ್ತ್ರ: ರೇಟ್ ಒಪ್ಪೋದು, ಇಲ್ಲಾ ಬೇಡ ಅನ್ನೋದು.

ಇಲ್ಲಿ ಇನ್ನೂ ಬಟನ್ ಒತ್ತೋದು ಮನುಷ್ಯನೇ. ಆ ತೀರ್ಮಾನವನ್ನೂ ಸಾಫ್ಟ್‌ವೇರ್‌ಗೆ ಬಿಟ್ಟರೆ? 1996ರಲ್ಲಿ ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಆಂಥನಿ ಚಾವೆಜ್, ಪ್ಯಾಟಿ ಮೇಸ್ 'ಕಸ್ಬಾ' ಅನ್ನೋ ವ್ಯವಸ್ಥೆ ಮಾಡಿದ್ರು. ಏಜೆಂಟ್‌ಗೆ ಮೂರು ವಿಷಯ ಹೇಳಬೇಕು: ಬೇಕಾದ ರೇಟ್, ಕೊನೇ ರೇಟ್, ಗಡುವು. ಜೊತೆಗೆ ಯಾವ ಥರ ಇಳೀಬೇಕು ಅನ್ನೋದು.

ಲೆಕ್ಕಕ್ಕೆ ಹೇಳ್ತೀನಿ. ನಿಮಗೆ ಕೆಜಿಗೆ 250 ರೂಪಾಯಿ ಬೇಕು, 200ಕ್ಕಿಂತ ಕೆಳಗೆ ಬೇಡ, 10 ದಿನ ಟೈಮ್ ಇದೆ. ಆತುರದ ಏಜೆಂಟ್ ಒಂದೇ ಸಮ ಇಳಿಯುತ್ತೆ, 5ನೇ ದಿನಕ್ಕೆ 225. ಬಿಗಿಮುಷ್ಟಿಯ ಏಜೆಂಟ್ 5ನೇ ದಿನವೂ ಸುಮಾರು 244ರಲ್ಲೇ ನಿಂತಿರುತ್ತೆ, ಕೊನೇ ಗಳಿಗೆಯಲ್ಲಿ ದಬದಬ ಇಳಿಯುತ್ತೆ. ಈ ಎರಡನೇ ಥರದ ತಂತ್ರಕ್ಕೆ ಸಂಶೋಧಕರು 'ಬೌಲ್‌ವೇರ್' ಅಂತಾರೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕಾರ್ಮಿಕ ಸಂಘಗಳ ಮುಂದೆ ಒಂದೇ ಆಫರ್ ಇಟ್ಟು ಅಲುಗದೆ ಕೂರ್ತಿದ್ದ ಲೆಮ್ಯುಯೆಲ್ ಬೌಲ್‌ವೇರ್ ಹೆಸರು ಅದು.

ಹಾಗಾದ್ರೆ ಎಲ್ಲರೂ ಬಿಗಿಮುಷ್ಟಿ ಏಜೆಂಟನ್ನೇ ಇಟ್ಕೊಂಡ್ರೆ ಸಾಕಲ್ವಾ? ಸಾಕಾಗಲ್ಲ. 1982ರಲ್ಲಿ ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ ಗಣಿತದಲ್ಲೇ ತೋರಿಸಿದ್ರು: ಇಬ್ಬರು ಸರದಿ ಪ್ರಕಾರ ಆಫರ್ ಕೊಡ್ತಾ ಹೋದ್ರೆ, ಕಾಯೋ ತಾಕತ್ತು ಯಾರಿಗೆ ಜಾಸ್ತಿಯೋ ಅವರಿಗೆ ದೊಡ್ಡ ಪಾಲು. ಬಿ.ಕಾಂನಲ್ಲಿ ಓದಿದ ಡಿಮ್ಯಾಂಡ್-ಸಪ್ಲೈ ಗೆರೆಯಲ್ಲಿ ಈ ತಾಕತ್ತು ಕಾಣಲ್ಲ.

ತಂಬಾಕು ಬೆಳೆಗಾರನ ಮೇಲೆ ಬ್ಯಾರನ್ ಸೌದೆ, ಗೊಬ್ಬರ, ಕೂಲಿ, ಸಾಲದ ಕಂತು ಎಲ್ಲಾ ಇದೆ. ರೇಟ್ ಬೇಡ ಅಂದ್ರೆ ಆ ಬೇಲ್ ಇನ್ನಷ್ಟು ದಿನ ಅವನ ತಲೆಮೇಲೇ. ಎದುರಿಗಿರೋ ದೊಡ್ಡ ಖರೀದಿದಾರನಿಗೆ ಇವತ್ತು ಈ ಬೇಲ್ ಸಿಗದಿದ್ರೆ ಪಕ್ಕದ ಬೇಲ್ ಇದೆ. ಎಂಥಾ ಚುರುಕು ಏಜೆಂಟ್ ಕೊಟ್ಟರೂ ಅದು ಈ ಅವಸರವನ್ನ ಅಳಿಸಲ್ಲ, ಹೊಸ ಖರೀದಿದಾರನನ್ನ ಹುಟ್ಟಿಸೋದೂ ಇಲ್ಲ.

ಆದ್ರೆ ಕೆಡಿಸಬಹುದು. ನಿಮ್ಮ ಕೊನೇ ರೇಟ್, ನಿಮ್ಮ ಗಡುವು ಎರಡೂ ಏಜೆಂಟ್‌ಗೆ ಗೊತ್ತಿರುತ್ತೆ. ಅದೇ ಆಪ್ ಕೊಳ್ಳೋರಿಗೂ ಸೇವೆ ಕೊಡ್ತಿದ್ದು, ಆ ಎರಡು ಅಂಕಿ ಆ ಕಡೆ ಸೋರಿದ್ರೆ, ಕೊಳ್ಳೋನ ಏಜೆಂಟ್ ನಿಮ್ಮ ಕೊನೇ ದಿನದವರೆಗೆ ಸುಮ್ನೆ ಕಾದು 200ಕ್ಕೇ ಮುಗಿಸುತ್ತೆ. ಅದಕ್ಕೇ ಅಂಥ ಆಪ್ ಬಂದಾಗ ಎಷ್ಟು ಸ್ಮಾರ್ಟ್ ಅಂತ ಕೇಳೋಕೆ ಮುಂಚೆ ಇನ್ನೆರಡು ಪ್ರಶ್ನೆ ಕೇಳಿ: ಇದು ಯಾರ ಕಡೆಯದು? ನನ್ನ ಅಂಕಿ ಯಾರ್ಯಾರಿಗೆ ಕಾಣುತ್ತೆ? ಜಾತ್ರೆಯ ದಲ್ಲಾಳಿಗೂ ಎರಡೂ ಕಡೆ ಕಮಿಷನ್ ಇರಬಹುದು ಅಂತ ನಮ್ಮ ಹಿರಿಯರಿಗೆ ಚೆನ್ನಾಗೇ ಗೊತ್ತಿತ್ತು.