ರೈತನ ಕಡೆ ತಿರುಗಿದ ಎರಡನೆಯ ಪರದೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬೇಸಾಯಗಾರನಿಗೆ ‘ಪಹಣಿ’ ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ಈ ಸೀಮೆಯಲ್ಲಿ ಬೆಳೆಸಾಲ ಬೇಕಾದರೂ, ಅಣ್ಣತಮ್ಮಂದಿರು ಪಾಲಾದರೂ, ಕೋರ್ಟಿನಲ್ಲಿ ಒಬ್ಬರಿಗೆ ಜಾಮೀನು ನಿಲ್ಲಬೇಕಾದರೂ ಮೊದಲು ಕೇಳುವುದು ಆ ಒಂದು ಹಾಳೆಯನ್ನೇ. ಜಮೀನು ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಬೆಳೆ, ಮೇಲೆ ಎಷ್ಟು ಸಾಲ ಎಂಬುದೆಲ್ಲ ಅದರಲ್ಲಿರುತ್ತದೆ. ಜಮೀನು ರೈತನದು, ಆದರೆ ಆ ಜಮೀನಿನ ಲೆಕ್ಕ ಬಹುಕಾಲ ಇನ್ನೊಬ್ಬರ ಕಂಕುಳಲ್ಲಿತ್ತು.

ಮೊದಲು ಅದು ವಂಶಪಾರಂಪರ್ಯವಾಗಿ ಬಂದ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯ ನಂತರ ಸಂಬಳದ ಗ್ರಾಮಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಇಂಥ ಲೆಕ್ಕಿಗರು ಸುಮಾರು 9,000 ಮಂದಿ. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿಯ ಒಂದು ನಕಲಿಗೆ 3ರಿಂದ 30 ದಿನಗಳವರೆಗೆ ಕಾಯಬೇಕಾಗುತ್ತಿತ್ತು, ಕೈಬಿಸಿ ಮಾಡಿದಷ್ಟೂ ಕೆಲಸ ಚುರುಕಾಗುತ್ತಿತ್ತು ಎಂದು ಆ ಕಾಲದ ವ್ಯವಸ್ಥೆಯನ್ನು ಪರಿಶೀಲಿಸಿದವರು ಬರೆದಿದ್ದಾರೆ. ಪುಸ್ತಕದಲ್ಲಿ ಏನಿದೆ ಎಂಬುದು ಪುಸ್ತಕ ಹಿಡಿದವರಿಗೆ ಮಾತ್ರ ಗೊತ್ತು. ಅಡ್ಡಿಯ ಮೂಲ ಇದ್ದದ್ದು ಇಲ್ಲಿಯೇ.

ಹೊಸ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಾದ ಎಸ್.ಎಂ. ಕೃಷ್ಣ ಆಗ ಮುಖ್ಯಮಂತ್ರಿಗಳು. ಕಂದಾಯ ಇಲಾಖೆಗೆ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ತಂತ್ರಾಂಶ ಸಿದ್ಧಪಡಿಸಿಕೊಟ್ಟಿತು. ಪ್ರಯೋಗಕ್ಕೆ ಮೊದಲಿಗೆ ಆರಿಸಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ಬೆರಳೆಣಿಕೆಯ ವರ್ಷಗಳಲ್ಲಿ ವ್ಯವಸ್ಥೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಿಗೂ ಹಬ್ಬಿತು. 15 ರೂಪಾಯಿ ಕೊಟ್ಟರೆ ಕನ್ನಡದಲ್ಲಿ ಅಚ್ಚಾದ ಪಹಣಿ ನಿಂತಲ್ಲೇ ಕೈಗೆ ಸಿಗತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವಾಯಿತು. ಇನ್ನೊಂದು ವಿಶೇಷವನ್ನೂ ಹೇಳಬೇಕು. ಅದುವರೆಗೆ ಹೆಬ್ಬೆಟ್ಟು ಒತ್ತುತ್ತಿದ್ದವನು ಓದು ಬಾರದ ರೈತ. ಇಲ್ಲಿ ಕಂಪ್ಯೂಟರಿನ ಬಾಗಿಲು ತೆರೆಯಲು ಅಧಿಕಾರಿಯೇ ಬೆರಳ ಗುರುತು ಕೊಡಬೇಕಾಯಿತು. ದಾಖಲೆ ತಿದ್ದಿದವರು ಯಾರು ಎಂಬುದು ಅಳಿಸದಂತೆ ಉಳಿಯಲಿ ಎಂಬುದು ಉದ್ದೇಶ.

ಇಷ್ಟೆಲ್ಲದರ ನಡುವೆ ಹೆಚ್ಚು ಸುದ್ದಿಯಾಗದ ಒಂದು ಏರ್ಪಾಡಿತ್ತು. ಭೂಮಿ ಕೇಂದ್ರದಲ್ಲಿ ನೌಕರನ ಮುಂದಿನ ಪರದೆಯ ಜೊತೆಗೆ, ಕಿಟಕಿಯ ಹೊರಗೆ ನಿಂತವರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದನ್ನು ಇಡಲಾಯಿತು. ಒಳಗೆ ಯಾವ ಸರ್ವೆ ನಂಬರು ತೆಗೆದರು, ಯಾವ ಹೆಸರು ಬಂತು ಎಂಬುದನ್ನು ಹೊರಗಿನವನೂ ಅದೇ ಗಳಿಗೆಯಲ್ಲಿ ನೋಡಬಹುದಿತ್ತು. ಅಪ್ಪನ ಹೆಸರು ತಪ್ಪಾಗಿದ್ದರೆ ‘ಸ್ವಾಮಿ, ಅದು ಹಾಗಲ್ಲ’ ಎಂದು ಅಲ್ಲಿಯೇ ಹೇಳಬಹುದಿತ್ತು. ಪರದೆ ಎಂದರೆ ಮರೆ ಎಂದೂ ಅರ್ಥವಿದೆ; ಇಲ್ಲಿ ಅದು ಮರೆಯನ್ನು ಸರಿಸುವ ಸಾಧನವಾಯಿತು.

ಆ ಕಾಲಕ್ಕೆ ಒಂದು ಕಂಪ್ಯೂಟರಿಗೆ ಎರಡು ಪರದೆ ಕೂಡಿಸುವುದು ದೊಡ್ಡ ವಿದ್ಯೆಯೇನಲ್ಲ. 1987ರಲ್ಲಿ ಐಬಿಎಂ ಕಂಪನಿ ತಂದ ವಿಜಿಎ ಎಂಬ ಪದ್ಧತಿ ಜಗತ್ತಿನೆಲ್ಲೆಡೆ ರೂಢಿಯಾಗಿತ್ತು. ಯಂತ್ರದ ಬೆನ್ನಿಗೆ 15 ಸೂಜಿಗಳನ್ನು ಸೇರಿಸುವ ಒಂದು ಕಿಂಡಿ. ಅದರಿಂದ ಕೆಂಪು, ಹಸಿರು, ನೀಲಿ ಬಣ್ಣಗಳ ಸಂಕೇತ ಹೊರಬರುತ್ತದೆ. ಆ ಸಂಕೇತವನ್ನು ಕವಲೊಡೆಸುವ ಚಿಕ್ಕ ಪೆಟ್ಟಿಗೆಯೊಂದಿದ್ದರೆ ಎರಡು ಪರದೆಗಳಲ್ಲೂ ಒಂದೇ ಚಿತ್ರ. ನಾಲೆಯಿಂದ ಎರಡು ಕಾಲುವೆ ತೆಗೆದಂತೆ. ಯಾವ ಕಂಪನಿಯ ಯಂತ್ರ, ಯಾವ ಕಂಪನಿಯ ಪರದೆ ಎಂಬ ಭೇದವಿರಲಿಲ್ಲ. ಎಲ್ಲರೂ ಒಪ್ಪಿದ, ಎಲ್ಲರಿಗೂ ತಿಳಿದ ನಿಯಮವೊಂದಿದ್ದುದೇ ಇದಕ್ಕೆ ಕಾರಣ.

ಈಗ ಯಂತ್ರಗಳು ತೆಳ್ಳಗಾಗಿವೆ. ಮಡಿಲಿನ ಕಂಪ್ಯೂಟರಿನ ಅಂಚಿನಲ್ಲಿ ಒಂದೆರಡು ಯುಎಸ್‌ಬಿ ಕಿಂಡಿಗಳಷ್ಟೇ ಉಳಿದಿರುವುದುಂಟು. ಮಂಡ್ಯದ ಅಂಗಡಿಯವರೊಬ್ಬರು ಗಿರಾಕಿಗೆ ಬಿಲ್ಲು ಕಾಣುವಂತೆ ಇನ್ನೊಂದು ಪರದೆ ಇಡಬೇಕೆಂದರೆ ‘ಡಾಕ್’ ಎಂಬ ಪೆಟ್ಟಿಗೆ ಕೊಳ್ಳಬೇಕು. ಒಂದೇ ತಂತಿ ಕಂಪ್ಯೂಟರಿಗೆ. ಪರದೆ, ಕೀಲಿಮಣೆ, ಪ್ರಿಂಟರುಗಳೆಲ್ಲ ಡಾಕಿಗೆ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಇದು ಬಹುಮಟ್ಟಿಗೆ ತಂತಾನೇ ನಡೆಯುತ್ತದೆ. ಹಣ ಕೊಡದೆ ಬಳಸಬಹುದಾದ ಲಿನಕ್ಸ್ ಇದ್ದರೆ ಮಾತ್ರ ಕೆಲವೊಮ್ಮೆ ಕೀಲಿಮಣೆ ಕೆಲಸ ಮಾಡುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹೀಗೇಕೆ?

ಕೊಂಚ ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಸಾಧಾರಣ ಪರದೆಯೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕಿಗಳು. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್‌ಗಳು. ಯುಎಸ್‌ಬಿ 1996ರಲ್ಲಿ ಬಂದಾಗ ಅದರ ಗರಿಷ್ಠ ವೇಗ 1.2 ಕೋಟಿ, 2000ದ ಎರಡನೆಯ ಆವೃತ್ತಿಯಲ್ಲಿ 48 ಕೋಟಿ, 2008ರ ಮೂರನೆಯದರಲ್ಲಿ 500 ಕೋಟಿ. ಮೌಸು, ಕೀಲಿಮಣೆಗಳಿಗೆಂದು ಹಾಕಿದ ಕಾಲುದಾರಿಯಲ್ಲಿ ಕಬ್ಬಿನ ಲಾರಿ ಹೋಗುವುದು ಹೇಗೆ?

ಇದಕ್ಕೆ ಎರಡು ಪರಿಹಾರಗಳು ಹುಟ್ಟಿದವು. ಒಂದು, ಚಿತ್ರಕ್ಕೇ ಬೇರೆ ಓಣಿ ಬಿಟ್ಟುಕೊಡುವುದು. 2014ರಲ್ಲಿ ಬಂದ, ಎರಡೂ ಮಗ್ಗುಲಲ್ಲಿ ಸಿಕ್ಕಿಸಬಹುದಾದ ಯುಎಸ್‌ಬಿ-ಸಿ ಕಿಂಡಿಯಲ್ಲಿ ಹಲವು ತಂತಿಗಳಿವೆ. ಅವುಗಳಲ್ಲಿ ಕೆಲವನ್ನು ಡಿಸ್‌ಪ್ಲೇಪೋರ್ಟ್ ಎಂಬ ಚಿತ್ರಸಂಕೇತಕ್ಕೆ ಒಪ್ಪಿಸಿಬಿಡುತ್ತಾರೆ. ಈ ಬಗೆಯ ಡಾಕ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೆ ಕಂಪ್ಯೂಟರಿನ ಕಿಂಡಿಗೂ ಆ ಶಕ್ತಿ ಇರಬೇಕು. ಆಕಾರ ಒಂದೇ ಆದ ಮಾತ್ರಕ್ಕೆ ಎಲ್ಲ ಕಿಂಡಿಗಳೂ ಚಿತ್ರ ಕೊಡುವುದಿಲ್ಲ.

ಎರಡನೆಯ ಪರಿಹಾರ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಡಿಸ್‌ಪ್ಲೇಲಿಂಕ್ ಕಂಪನಿಯದು. ಕಂಪ್ಯೂಟರಿನೊಳಗಿನ ತಂತ್ರಾಂಶವೊಂದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ, ಸಾಮಾನ್ಯ ಮಾಹಿತಿಯಂತೆ ಯುಎಸ್‌ಬಿಯಲ್ಲಿ ಕಳಿಸುತ್ತದೆ. ಡಾಕ್‌ನಲ್ಲಿರುವ ಚಿಪ್ಪು ಅದನ್ನು ಬಿಡಿಸಿ ಪರದೆಗೆ ಕೊಡುತ್ತದೆ. ಹಳೆಯ ಕಿಂಡಿಯಲ್ಲೂ ನಡೆಯುತ್ತದೆಂಬುದು ಇದರ ಹೆಚ್ಚುಗಾರಿಕೆ. ಆದರೆ ಹಿಂಡುವ, ಬಿಡಿಸುವ ಗುಟ್ಟು ತಿಳಿದಿರಬೇಕು. ಆ ಗುಟ್ಟು ಕಂಪನಿಯ ಬಳಿ ಇತ್ತು.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಬೆಳೆದದ್ದು ಬಿಚ್ಚುಪುಸ್ತಕದಂತೆ. ಅದರ ಪ್ರತಿಯೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಂದು ಉಪಕರಣದೊಡನೆ ಹೇಗೆ ಮಾತಾಡಬೇಕೆಂದು ತಿಳಿದರೆ ಸಾಕು, ಜಗತ್ತಿನ ಎಲ್ಲೋ ಒಬ್ಬರು ಅದಕ್ಕೆ ಚಾಲಕ ತಂತ್ರಾಂಶ ಬರೆಯುತ್ತಾರೆ. 2009ರಲ್ಲಿ ಡಿಸ್‌ಪ್ಲೇಲಿಂಕ್ ತನ್ನ ಹಳೆಯ ಯುಎಸ್‌ಬಿ 2 ಚಿಪ್ಪುಗಳಿಗಾಗಿ ಮುಕ್ತ ತಂತ್ರಾಂಶವೊಂದನ್ನು ಬಿಡುಗಡೆ ಮಾಡಿತು. ಅದರ ಫಲವಾಗಿ 2012ರ ವೇಳೆಗೆ ಅವುಗಳ ಚಾಲಕ ಲಿನಕ್ಸ್‌ನ ತಿರುಳಿನೊಳಗೇ ಸೇರಿತು.

ಆದರೆ ಯುಎಸ್‌ಬಿ 3ರ ಚಿಪ್ಪುಗಳ ಗುಟ್ಟನ್ನು ಕಂಪನಿ ಬಿಟ್ಟುಕೊಡಲಿಲ್ಲ. 2015ರಲ್ಲಿ ನಡುದಾರಿಯೊಂದನ್ನು ಹಿಡಿಯಿತು: ಲಿನಕ್ಸ್‌ನ ತಿರುಳಿಗೆ ಸೇರುವ ‘ಇವಿಡಿಐ’ ಎಂಬ ಭಾಗ ಮುಕ್ತ, ಚಿತ್ರವನ್ನು ಹಿಂಡುವ ಮುಖ್ಯ ಭಾಗ ಮುಚ್ಚಿದ ಪೆಟ್ಟಿಗೆ. ಬಳಕೆದಾರನ ಗೋಳು ಇಲ್ಲಿಂದ ಶುರು. ಲಿನಕ್ಸ್‌ನ ತಿರುಳು ಹೊಸದಾದಾಗಲೆಲ್ಲ ಇವಿಡಿಐ ಭಾಗವನ್ನು ಮತ್ತೆ ಕಟ್ಟಬೇಕು. ಹೊಸ ಕಂಪ್ಯೂಟರುಗಳಲ್ಲಿ ‘ಸೆಕ್ಯೂರ್ ಬೂಟ್’ ಎಂಬ ಕಾವಲಿರುತ್ತದೆ. ಅದು ಸಹಿ ಇಲ್ಲದ ಭಾಗವನ್ನು ಒಳಗೆ ಬಿಡುವುದಿಲ್ಲ. ನಿನ್ನೆ ಬೆಳಗಿದ ಪರದೆ ಇಂದು ಕಪ್ಪಾಗುವುದಕ್ಕೆ ಬಹಳ ಸಲ ಇವೇ ಕಾರಣ. ಆದ್ದರಿಂದ ಲಿನಕ್ಸ್ ಬಳಸುವವರು ಡಾಕ್ ಕೊಳ್ಳುವ ಮುನ್ನ ಅದು ಯಾವ ಬಗೆಯದೆಂದು ಕೇಳುವುದು ಲೇಸು. ಕೊಂಡಾಗಿದ್ದರೆ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟು ನೋಡಬಹುದು. ಪಟ್ಟಿಯಲ್ಲಿ ‘17ಇ9’ ಎಂಬ ಗುರುತು ಕಂಡರೆ ಅದು ಡಿಸ್‌ಪ್ಲೇಲಿಂಕ್. ಅದು ಯುಎಸ್‌ಬಿ 3ರ ಚಿಪ್ಪಾಗಿದ್ದರೆ ಚಾಲಕವನ್ನು ಬೇರೆಯಾಗಿ ತಂದು ಹಾಕಬೇಕಾಗುತ್ತದೆ.

ಗುಟ್ಟು ಕಾಯುವವರಿಗೂ ತಮ್ಮದೇ ನ್ಯಾಯವಿರುತ್ತದೆ. ಹಣ ಸುರಿದು ಕಂಡುಹಿಡಿದ ವಿದ್ಯೆ, ಪೈಪೋಟಿಯವರ ಕೈಗೆ ಸಿಗಬಾರದು ಎನ್ನುತ್ತಾರೆ. ಪಹಣಿ ಪುಸ್ತಕ ಎಲ್ಲರ ಕೈಗೆ ಸಿಕ್ಕರೆ ತಿದ್ದಿಬಿಡುತ್ತಾರೆಂಬ ಹಳೆಯ ವಾದದಲ್ಲೂ ಒಂದಷ್ಟು ಹುರುಳಿತ್ತು. ಆದರೆ ಕಾಯುವುದು ಬೇರೆ, ಕಾಣಗೊಡದಿರುವುದು ಬೇರೆ. ಕಂಪನಿ ಒಂದು ಮಾದರಿಯನ್ನು ಕೈಬಿಟ್ಟ ದಿನ, ಮುಚ್ಚಿದ ಪೆಟ್ಟಿಗೆಯನ್ನು ನಂಬಿದವನು ಗ್ರಾಮಲೆಕ್ಕಿಗರು ಊರಲ್ಲಿಲ್ಲದ ದಿನ ಬಂದ ರೈತನಂತೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.

ಹಾಗೆಂದು ಪರದೆ ಬೆಳಗಿದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗುತ್ತದೆ ಎನ್ನುವಂತಿಲ್ಲ. ಹಳೆಯ ಪುಸ್ತಕದ ತಪ್ಪುಗಳು ಭೂಮಿಯ ಕಂಪ್ಯೂಟರಿಗೂ ಬಂದವು. ಅವನ್ನು ತಿದ್ದಿಸಲು ಅಲೆದವರಿದ್ದಾರೆ. ದಾಖಲೆ ಸುಲಭವಾಗಿ ಸಿಕ್ಕಿದ್ದರಿಂದ ಸಣ್ಣ ರೈತನಿಗಿಂತ ಜಮೀನು ಕೊಳ್ಳುವ ದೊಡ್ಡವರಿಗೇ ಅನುಕೂಲವಾಯಿತೆಂಬ ಟೀಕೆಯೂ ಬಂದಿದೆ. ನೋಡುವುದು ತಿದ್ದುವುದಲ್ಲ, ನಿಜ. ಆದರೆ ನೋಡದೆ ತಿದ್ದುವುದು ಹೇಗೆ?

ಈಗ ಪಹಣಿಯನ್ನು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಬಹುದು. ಕಿಟಕಿಯ ಆಚೆಗಿದ್ದ ಎರಡನೆಯ ಪರದೆ ಹೀಗೆ ರೈತನ ಜೇಬಿಗೇ ಬಂದಂತಾಗಿದೆ. ಆದರೂ ಮದ್ದೂರಿನಂಥ ತಾಲ್ಲೂಕು ಕಚೇರಿಗಳಲ್ಲಿ ಜನರ ಕಡೆಗೆ ಮುಖ ತಿರುಗಿಸಿದ ಆ ಪರದೆ ಕಲಿಸಿದ ಪಾಠ ಹಳೆಯದಾಗಿಲ್ಲ. ಹೊಸ ಯಂತ್ರವೊಂದು ಕಚೇರಿಗೋ, ಅಂಗಡಿಗೋ, ಶಾಲೆಗೋ ಬಂದಾಗ ಅದರ ಬೆಲೆ, ವೇಗಗಳ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬೇಕು: ಇದರ ಮುಖ ಯಾರ ಕಡೆಗಿದೆ? ಇದರ ಗುಟ್ಟು ಯಾರ ಕೈಯಲ್ಲಿದೆ?